ಪೂರ್ತಿ ಒತ್ತಿದ ಕಾಲು

ಬಾದಾಮಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಯಾರೋ ಅಕ್ಕ, ತಮ್ಮ ಕೂತಿದ್ದರು. ತೀರಿಹೋದ ಅಪ್ಪನ ವರ್ಷದ ಪೂಜೆ ಮುಗಿಸಿ ಅಕ್ಕ ಹುನಗುಂದಕ್ಕೆ ಹೊರಟಿದ್ದಳು. ತಮ್ಮ ಮಾತು ತೆಗೆದ.

“ಅಪ್ಪನ ಕಾರು ಹುಬ್ಬಳ್ಳಿಗೆ ಒಯ್ದಿದ್ದೆ ಅಕ್ಕಾ.”

“ಮಾರಾಕೇನು?”

“ಅಲ್ಲ. ಇಂಜಿನ್ನಿನ ಶಕ್ತಿ ಅಳತಿ ಮಾಡಿಸಾಕ.”

“ಅದನ್ನ ಹೆಂಗ ಅಳೀತಾರ?”

“ರೋಲರ್ ಮ್ಯಾಲ ಗಾಲಿ ನಿಲ್ಲಿಸಿ ಕಾರು ಕಟ್ಟಿ ಹಾಕ್ತಾರ. ಆಮ್ಯಾಲ ಎಕ್ಸಲೇಟರ್ ಪೂರ್ತಿ ಒತ್ತತಾರ. ಗಾಲಿ ತಿರಗತಾವು, ಕಾರು ಇದ್ದಲ್ಲೇ ಇರತೈತಿ.”

“ಏನಂತು ಮಷೀನು?”

“ಹೊಸದಿದ್ದಾಗಿನ ಅರ್ಧಾನೂ ಶಕ್ತಿ ಉಳದಿಲ್ಲ. ಮೂರು ಮಂದಿ ಕುಂತು ಏರು ಹತ್ತಿದ್ರ, ಎಷ್ಟ ಒತ್ತಿದ್ರೂ ನಲವತ್ತು ದಾಟೂದಿಲ್ಲಂತ.”

ಅಕ್ಕ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಆವತ್ತು ದವಾಖಾನಿ ದಾರಿಯಾಗ ಏರು ಹತ್ತೂವಾಗ ‘ಜೋರ ಹೊಡಿಯೋ, ಅಪ್ಪನ್ನ ಕೊಲ್ತಿಯೇನು’ ಅಂತ ಒದರಿದಿ. ಅಪ್ಪನ್ನ ಮಣ್ಣು ಮಾಡಿದ ದಿನಾನೂ ಮಂದಿ ಮುಂದ ಅದನ್ನ ಅಂದಿ. ನಾ ಪೂರ್ತಿ ಒತ್ತಿದ್ದೆ ಅಕ್ಕಾ. ನೀ ನಂಬಲಿ ಅಂತ ಅಳತಿ ಮಾಡಿಸಿದೆ.”

ಬಸ್ಸು ಬಂತು. ಅಕ್ಕ ಹತ್ತಿ ಕಿಟಕಿಯ ಬದಿ ಕೂತಳು. ತಮ್ಮ ಕೆಳಗೆ ಬಂದು ನಿಂತ.

“ಶ್ರೀಶೈಲಾ, ಅಪ್ಪನ ತಲಿ ನನ್ನ ತೊಡಿ ಮ್ಯಾಲಿತ್ತು. ಕೈ ತಣ್ಣಗಾಗಾಕ ಹತ್ತಿತ್ತು. ಸೀಟಿನ ಸಂದ್ಯಾಗ ನಿನ್ನ ಕಾಲು ಕಾಣತಿತ್ತು ನನಗ. ಪೆಡಲ್ ನೆಲಕ್ಕ ಹತ್ತಿತ್ತು.”

“ಮತ್ಯಾಕ ಬೈದಿ?”

“ಬೈಯಾಕ ಅಲ್ಲಿ ನೀ ಒಬ್ಬಾವ ಇದ್ದಿ.”

ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ತಮ್ಮ ನಿಂತಲ್ಲೇ ನಿಂತಿದ್ದ.