ಡೆನಿಸರ ಚಂದದ ಕೈ

ವಾಮಂಜೂರಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ ಡೆನಿಸರ ಕಿವಿ ನಿಮಿರಿತು. ಎದುರು ಸೀಟಿನಲ್ಲಿ ಬಿಳಿ ಕೋಟು ಮಡಿಲಲ್ಲಿಟ್ಟುಕೊಂಡ ಇಬ್ಬರು ಹುಡುಗಿಯರು.

“ಈ ಅಂಕಲ್‌ನ ಕೈ ನೋಡು ಮೋಕ್ಷಾ, ಎಷ್ಟು ಚಂದ ಉಂಟು!”

ಎರಡು ತಿಂಗಳ ಜಿಮ್ಮು ಫಲ ಕೊಟ್ಟಿತು, ಜಿಮ್ಮಿಗೆ ಸೇರಿದಾಗ ನಕ್ಕಿದ್ದ ಹೆಂಡತಿಗೆ ಹೇಳಬೇಕು ಎಂದುಕೊಂಡು ಡೆನಿಸರು ಹೊಟ್ಟೆ ಒಳಗೆಳೆದುಕೊಂಡರು.

“ಹೌದು ಮಾರಾಯ್ತಿ, ನರ ಹಗ್ಗದ ಹಾಗೆ ಉಂಟು. ಕಣ್ಣು ಮುಚ್ಚಿ ಚುಚ್ಚಿದ್ರೂ ರಕ್ತ ಬರ್ತದೆ.”

“ನಾಳೆ ಲ್ಯಾಬ್ ಪ್ರಾಕ್ಟಿಕಲ್‌ನಲ್ಲಿ ನೀನು ಚುಚ್ಚುದು ನನ್ನ ಕೈಗಲ್ವಾ? ಮೊನ್ನೆ ನಾಲ್ಕು ಸಲ ಚುಚ್ಚಿದ್ದಿ.”

“ನಿನ್ನ ನರ ಸಿಗುದೇ ಇಲ್ಲ, ನಾನೆಂತ ಮಾಡುದು?”

ಸ್ಟಾಪ್ ಬಂತು. ಇಳಿಯುವ ಮೊದಲು ಮೋಕ್ಷಾ ತಿರುಗಿದಳು.

“ಅಂಕಲ್, ನಾಳೆ ಹತ್ತು ಗಂಟೆಗೆ ಫ್ರೀ ಇದ್ದೀರಾ?”

ಡೆನಿಸರು ಎರಡೂ ಕೈಗಳನ್ನು ಕಿಸೆಗಿಳಿಸಿದರು. ಮುಂದಿನ ತಿರುವಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದಾಗಲೂ ಹೊರಗೆ ತೆಗೆಯಲಿಲ್ಲ.