ನಲವತ್ತನೇ ಹುಣಸೆಬೀಜ

ಚನ್ನಗಿರಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬೆನಕಪ್ಪ ಜಗಳೂರಿನ ಬಸ್ಸಿಗೆ ಕಾಯುತ್ತ ಕೂತಿದ್ದ. ಪಕ್ಕದಲ್ಲಿದ್ದವರು ನಿರ್ಮಲಮ್ಮ, ಲಕ್ವ ಹೊಡೆದವರ ಮನೆಗೇ ಹೋಗಿ, ಉಣ್ಣುವ, ಗುಂಡಿ ಹಾಕುವ ಕೆಲಸಗಳನ್ನು ಸೋತ ಕೈಗೆ ಮತ್ತೆ ಕಲಿಸುವವರು. ಉಬ್ರಾಣಿಯ ಚೌಡಮ್ಮ ಅವರನ್ನೇ ಹುಡುಕಿಕೊಂಡು ಏದುಸಿರು ಬಿಡುತ್ತ ಬಂದಳು.

"ಅಮ್ಮಾರೆ, ನಮ್ಮತ್ತೆ ತೀರಿಕೊಂಡು ಇವತ್ತಿಗೆ ಒಂಬತ್ತು ದಿನ."

"ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ವಲ್ಲ. ಕೈ ಎಷ್ಟು ಚೆನ್ನಾಗಿ ಸುಧಾರಿಸ್ತಿತ್ತು."

"ಈಗ್ಲೂ ಸುಧಾರಿಸ್ತೈತೆ."

ಬೆನಕಪ್ಪ ಬೀಡಿ ಹಚ್ಚುವುದನ್ನು ಮರೆತ.

"ಏನಂದೆ?" ಎಂದರು ನಿರ್ಮಲಮ್ಮ.

"ಹುಣಸೆಬೀಜ ಬಟ್ಟಲಿಂದ ತೆಗೆದು ತಟ್ಟೆಗೆ ಜೋಡ್ಸಾಕೆ ಕೊಟ್ಟಿದ್ರಲ್ಲ? ಯಾರೂ ಮುಟ್ಬ್ಯಾಡ್ರಿ ಅಂದಿದ್ರಿ, ಮುಟ್ಟಿಲ್ಲ. ಅವರು ಹೋದ ದಿನ ತಟ್ಟೇಲಿ ಮೂವತ್ತೊಂದು ಇದ್ವು. ಆಮೇಲೆ ದಿನಕ್ಕೊಂದು ಹೆಚ್ತಾ ಬಂತು."

"ಇಲಿ ಇರ್ಬೇಕು ಕಣಮ್ಮ."

"ಇಲಿ ಸಾಲಾಗಿ ಜೋಡಿಸ್ತೈತೇನ್ರಿ, ನೀವು ಹೇಳಿಕೊಟ್ಟಂಗೆ? ಇವತ್ತು ನಲವತ್ತಾತು."

ನಿರ್ಮಲಮ್ಮ ಚೀಲವನ್ನು ಎದೆಗೆ ಒತ್ತಿಕೊಂಡರು.

"ನಲವತ್ತಾದ್ರೆ ಬಾಗಿಲ ಚಿಲಕ ತೆಗೆಯಾಕೆ ಕಲಿಸ್ತೀನಿ ಅಂದಿದ್ರಿ. ಕಲಿಸ್ದೋರು ನೀವು. ಇನ್ನು ಸಾಕು ಅಂತ ನೀವೇ ಬಂದು ಹೇಳ್ರಿ."

ಉಬ್ರಾಣಿಯ ಬಸ್ಸು ಬಂತು. ನಿರ್ಮಲಮ್ಮ ಎದ್ದರು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ಕೇಳಿದರು:

"ನಿಮ್ಮತ್ತೆ ಕೋಣೆಗೆ ಚಿಲಕ ಹಾಕಿದೀರಾ?"

"ಹೊರಗಿಂದು ಹಾಕೀವ್ರಿ," ಎಂದಳು ಚೌಡಮ್ಮ, ಹಿಂದೆಯೇ ಹತ್ತುತ್ತ. "ಒಳಗಿಂದು ಬೆಳಿಗ್ಗೆಯಿಂದ ಅಲ್ಲಾಡ್ತೈತೆ."