ಶಾರ್ಕ್ ಬಂದಾಗ ಕಣ್ಣು ಮುಚ್ಚಿದವನು

ದಕ್ಷಿಣ ಆಫ್ರಿಕಾದ ಕಡಲೂರು ಸೈಮನ್ಸ್ ಟೌನ್‌ನಲ್ಲಿ ಮಕ್ಕಳಿಗೆ ಕರಿದ ಮೀನು ಕಟ್ಟಿಸಲು ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ, ಕಡಲಲ್ಲಿ ಮುಳುಗುವವರು ತೊಡುವ ರಬ್ಬರ್ ಉಡುಪಿನಿಂದ ನೀರು ಸುರಿಸುತ್ತ ಒಬ್ಬ ಹೆಂಗಸು. ಪಕ್ಕದಲ್ಲಿ ಗಡಗಡ ನಡುಗುವ ಯುವಕ.

“ಶಾರ್ಕ್ ನೋಡಿದ್ಯೇನೋ, ರಿದ್ವಾನ್?”

“ನೋಡ್ದೆ ಆಂಟಿ. ತುಂಬಾ ದೊಡ್ಡದು.”

“ಸುಳ್ಳ! ಕಣ್ಣು ಮುಚ್ಕೊಂಡಿದ್ದೆ. ಕಡಲಪಾಚಿ ಬುಡದಲ್ಲಿ ಆ ಪುಟಾಣಿ ನಾಚಿಕೆ ಶಾರ್ಕು ಹೆದರಿದಾಗ ಬಾಲದಿಂದ ಕಣ್ಣು ಮುಚ್ಕೊಳ್ಳತ್ತಲ್ಲ, ಥೇಟ್ ಹಾಗೇ.”

“ಹಾಗಾದ್ರೆ ನಿಮ್ಮ ಮಗಳು ನಜ್ಮಿಯಾನ ನಂಗೆ ಮದುವೆ ಮಾಡಿ ಕೊಡಲ್ವಾ?”

“ಹೋದ್ಸಲ ಅವಳನ್ನ ಕೇಳಕ್ಕೆ ಬಂದೋನು ಹೀಗೇ ನನ್ನ ಜೊತೆ ಕಡಲಿಗಿಳಿದು, ಶಾರ್ಕ್ ಕಂಡಿದ್ದೇ ನನ್ನ ಬಿಟ್ಟು ದಡ ಸೇರಿದ್ದ. ನೀನು ನನ್ನ ಕೈ ಬಿಡ್ಲಿಲ್ಲ. ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಬಾ.”

“ಚಳಿಗೆ ಬೆರಳು ಸೆಟ್ಕೊಂಡಿತ್ತು ಆಂಟಿ. ಬಿಡಕ್ಕೇ ಆಗ್ಲಿಲ್ಲ.”

“ಅದನ್ನ ನನ್ನ ಮಗಳಿಗೆ ಮಾತ್ರ ಹೇಳ್ಬೇಡ” ಎಂದು ಆಕೆ ಮೀನಿನ ಬಿಸಿ ಪೊಟ್ಟಣವನ್ನು ಅವನ ಬೆರಳುಗಳಿಗೆ ಒತ್ತಿ ಹೊರನಡೆದರು.